ಹದಿನಾಲ್ಕನೇ ಲೆವೆಲ್ಲಿನ ಬಂಗಾರ

ಉಪ್ಪಿನ ಹರಳೊಂದನ್ನು ನೀರಿಗೆ ಹಾಕಿದರೆ ನೀರಿನ ಕಣಗಳು ಅದನ್ನು ಮುತ್ತಿಕೊಂಡು, ಚೂರುಚೂರಾಗಿ ಕಿತ್ತು, ತಮ್ಮೊಳಗೆ ಹಂಚಿಕೊಂಡುಬಿಡುತ್ತವೆ. ಬಂಗಾರದ ಮುಂದೆ ಮಾತ್ರ ನೀರಿನ ಆಟ ನಡೆಯುವುದಿಲ್ಲ. ಸಾವಿರ ವರ್ಷ ನೆನೆಹಾಕಿದರೂ ಅದು ಜಗ್ಗುವುದಿಲ್ಲ. ಅದಕ್ಕಾಗಿಯೇ ಗಣಿಗಳಲ್ಲಿ ಬಹಳ ಕಾಲ ಸಯನೈಡ್ ವಿಷ ಬೆರೆಸಿದ ನೀರಿನಿಂದ ಬಂಗಾರವನ್ನು ಕರಗಿಸಿ ತೆಗೆಯುತ್ತಿದ್ದರು. ಗೂಡುನೀರು ಬಂದ ಮೇಲೆ ಆ ವಿಷದ ಕಾಟ ತಪ್ಪಿತು.

ಗೂಡುನೀರು ಎಂಬುದು ರಾಯಚೂರು ಸೀಮೆಯ ಹೊನ್ನಗುಡ್ಡದ ಜನ ಇಟ್ಟ ಹೆಸರು. ಕಂಪನಿಯ ಕಾಗದಗಳಲ್ಲಿ ಅದಕ್ಕೆ ನಾಲಿಗೆ ಹೊರಳದ ಬೇರೆ ಹೆಸರಿತ್ತು. ನೋಡಲು ಎಳನೀರಿನಷ್ಟು ತಿಳಿ. ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಅಣುಗೂಡುಗಳು ತೇಲುತ್ತಿದ್ದವು. ಗೂಡಿನ ಬಾಯಿ ಬಂಗಾರ ತಾಗಿದರೆ ಮಾತ್ರ ತೆರೆಯುವಂತೆ ಅದನ್ನು ಕಟ್ಟಿದ್ದರು. ತೆರೆದಾಗ ಇಪ್ಪತ್ತು ಮೂವತ್ತು ಪರಮಾಣುಗಳ ಒಂದು ಗುಂಪನ್ನು ಇದ್ದ ಹಾಗೇ ಎತ್ತಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕಲ್ಲು, ಮಣ್ಣು, ಕಬ್ಬಿಣ, ಮರ, ಯಾವುದರ ಗೊಡವೆಗೂ ಅದು ಹೋಗುತ್ತಿರಲಿಲ್ಲ.

ಹೊನ್ನಗುಡ್ಡದ ಗಣಿ ಮುಚ್ಚಿ ಮೂವತ್ತೊಂದು ವರ್ಷವಾಗಿತ್ತು. ಈಗ ಹೊಸ ಕಂಪನಿ ಬಂದು, ಗುಡ್ಡದ ನೆತ್ತಿಯಲ್ಲಿ ಹದಿನಾರು ಕೊಳವೆಬಾವಿ ಕೊರೆದು, ಅವುಗಳಿಂದ ಗೂಡುನೀರನ್ನು ಹಳೆಯ ಸುರಂಗಗಳಿಗೆ ಬಿಡುತ್ತಿತ್ತು. ನೀರು ಬಂಡೆಗಳ ಸಂದುಗೊಂದುಗಳಲ್ಲಿ ಹರಿದು, ಉಳಿದ ಬಂಗಾರವನ್ನೆಲ್ಲ ಹೀರಿಕೊಂಡು, ನಡುವಿನ ಹಳೆಯ ಬಾವಿಯ ತಳ ಸೇರುತ್ತಿತ್ತು. ಅಲ್ಲಿಂದ ಪಂಪು ಅದನ್ನು ಮೇಲಕ್ಕೆ ಎಳೆಯುತ್ತಿತ್ತು. ಕೆಳಗೆ ಹೋದ ನೀರು ಮೇಲೆ ಬರಲು ಒಂಬತ್ತು ದಿನ ಬೇಕು. ಒಬ್ಬನೇ ಒಬ್ಬ ಮನುಷ್ಯನೂ ಭೂಮಿಯೊಳಗೆ ಇಳಿಯಬೇಕಾಗಿರಲಿಲ್ಲ.

ಆ ನೀರನ್ನು ಓದುವುದು ಅಂಬಿಕಾಳ ಕೆಲಸ. ಕಂಟ್ರೋಲ್ ರೂಮಿನಲ್ಲಿ, ಮೇಲೆ ಬಂದ ನೀರು ಒಂದು ಗಾಜಿನ ನಳಿಗೆಯ ಮೂಲಕ ಹಾಯುತ್ತಿತ್ತು. ಅದರ ಮೇಲೆ ಬೆಳಕು ಬಿಟ್ಟರೆ ಪ್ರತಿ ಗೂಡಿನೊಳಗೆ ಯಾವ ಯಾವ ಲೋಹ ಎಷ್ಟೆಷ್ಟು ಕೂತಿದೆ ಎಂಬುದು ಪರದೆಯ ಮೇಲೆ ಗೆರೆಗಳಾಗಿ ಮೂಡುತ್ತಿತ್ತು. ಗುಡ್ಡದ ಬಂಗಾರದ ಗೆರೆ ಅವಳಿಗೆ ಕಣ್ಣುಮುಚ್ಚಿದರೂ ಕಾಣುವಷ್ಟು ಪರಿಚಿತ: ಒಂದು ದಪ್ಪ ಹಳದಿ ಗೆರೆ, ಅದರ ಕೆಳಗೆ ಬೆಳ್ಳಿಯದೊಂದು ತೆಳು ಗೆರೆ. ಏಳು ತಿಂಗಳಿಂದ ಅದು ಬದಲಾದದ್ದೇ ಇಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೂರನೆಯದೊಂದು ಗೆರೆ ಎದ್ದಿತು. ಕೆಂಪು. ತಾಮ್ರದ್ದು. ಎರಡು ನಿಮಿಷ ನಿಂತು ಮಾಯವಾಯಿತು. ಮಧ್ಯಾಹ್ನ ಮತ್ತೆ ಬಂತು. ಗುರುವಾರದ ಹೊತ್ತಿಗೆ ಅದು ಇಡೀ ದಿನ ಇರತೊಡಗಿತು.

ಬಂಡೆಯೊಳಗಿನ ಬಂಗಾರದಲ್ಲಿ ತಾಮ್ರ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಇಲ್ಲಿ ಕೆಲವು ಗೂಡುಗಳಲ್ಲಿ ನೂರಕ್ಕೆ ಎಂಟು ಪಾಲು, ಇನ್ನು ಕೆಲವುಗಳಲ್ಲಿ ಹತ್ತು, ಮತ್ತೆ ಕೆಲವುಗಳಲ್ಲಿ ಹನ್ನೆರಡು. ಆ ಹನ್ನೆರಡರ ಜೊತೆಗೆ ಕೂದಲೆಳೆಯಷ್ಟು ಕ್ಯಾಡ್ಮಿಯಂ. ಅಂಬಿಕಾ ಕುರ್ಚಿಯಿಂದ ಏಳದೆ ಬಹಳ ಹೊತ್ತು ಪರದೆಯನ್ನೇ ನೋಡಿದಳು. ಬಂಗಾರದೊಳಗೆ ತಾಮ್ರ ಬೆರೆಸುವುದು ಭೂಮಿಯಲ್ಲ, ಅಕ್ಕಸಾಲಿಗ. ಕ್ಯಾಡ್ಮಿಯಂ ಹಾಕಿ ಬೆಸೆಯುವವನೂ ಅವನೇ. ನೀರು ಹೊಸದೊಂದು ಸಂದು ಹೊಕ್ಕಿತ್ತು, ಕೆಳಗೆ ಎಲ್ಲೋ ಆಭರಣಗಳು ಕರಗುತ್ತಿದ್ದವು. ಮೂರು ಬಗೆಯವು.

ಸ್ಥಾವರದ ಮುಖ್ಯಸ್ಥ ಇಟಗಿಯವರಿಗೆ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

“ಹಳೇ ಕೇಬಲ್ ಇರ್ತಾವ್ರಿ ಕೆಳಗ. ಅದರ ತಾಮ್ರ ಇರಬೇಕು.”

“ಬರೇ ತಾಮ್ರ ಇದ್ರ ಗೂಡು ಬಾಯೇ ತೆರೆಯೂದಿಲ್ಲ ಸರ್. ಬಂಗಾರದ ಮೈಯಾಗ ಬೆರೆತಿದ್ರ ಮಾತ್ರ ಅದು ಮ್ಯಾಲ ಬರ್ತೈತಿ.”

“ಹಂಗಾದ್ರ ಯಾರೋ ಒಡವಿ ಬಚ್ಚಿಟ್ಟಿದ್ದಾರು.” ಇಟಗಿಯವರು ಕನ್ನಡಕ ಕೆಳಗಿಳಿಸಿ ಬೇರೊಂದು ಕಾಗದ ಕೈಗೆತ್ತಿಕೊಂಡರು. ಯಾರ ಮುಂದೆ ಯಾವ ಮಾತು ಬಂತೆಂಬುದು ಅವರಿಗೆ ಆಮೇಲೆ ಹೊಳೆದಿರಬೇಕು.

ಹೊನ್ನಗುಡ್ಡದಲ್ಲಿ ಅಂಬಿಕಾ ಯಾರ ಮಗಳು ಎಂಬುದು ಎಲ್ಲರಿಗೂ ಗೊತ್ತಿತ್ತು.

ಅವಳು ಹನ್ನೊಂದು ತಿಂಗಳ ಕೂಸಾಗಿದ್ದಾಗ ಗಣಿಯ ಹದಿನಾಲ್ಕನೇ ಲೆವೆಲ್, ಅಂದರೆ ಮೇಲಿನಿಂದ ಹದಿನಾಲ್ಕನೇ ಅಂತಸ್ತಿನ ಸುರಂಗ, ಕುಸಿದಿತ್ತು. ಗಣಿಯಲ್ಲಿ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯಿಂದ ತೆಗೆದುಕೊಂಡು ಇಳಿಯಬೇಕು, ಹತ್ತಿ ಬಂದಮೇಲೆ ತಿರುಗಿ ನೇತುಹಾಕಬೇಕು. ಅಂದು ಕುಸಿತವಾದ ಮೇಲೆ ನೋಡಿದರೆ ಹಲಗೆಯಲ್ಲಿ ಎಲ್ಲ ಬಿಲ್ಲೆಗಳೂ ಇದ್ದವು. ಕೆಳಗೆ ಯಾರೂ ಇಲ್ಲ ಎಂದು ಹಳೆಯ ಕಂಪನಿ ನಿಟ್ಟುಸಿರು ಬಿಟ್ಟಿತು. ಆದರೆ ಐದು ಜನ ಮನೆಗೆ ಬರಲಿಲ್ಲ. ಅವರು ಗಲಾಟೆಯ ನಡುವೆ ಒಳ್ಳೆಯ ಅದಿರು ಕದ್ದು ಊರು ಬಿಟ್ಟಿದ್ದಾರೆ ಎಂದು ಕಂಪನಿ ಹೇಳಿತು, ಪೊಲೀಸರು ಬರೆದುಕೊಂಡರು. ಆ ಐವರಲ್ಲಿ ಒಬ್ಬ ಯಂಕೋಬ, ಅಂಬಿಕಾಳ ಅಪ್ಪ.

ಶಾಲೆಯಲ್ಲಿ ಅವಳನ್ನು ಕಳ್ಳನ ಮಗಳು ಎಂದೇ ಕರೆಯುತ್ತಿದ್ದರು. ಯಾರೋ ಯಂಕೋಬನನ್ನು ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡರಂತೆ, ಇನ್ಯಾರೋ ಪುಣೆಯಲ್ಲಿ ಅವನಿಗೆ ಬೇರೆ ಸಂಸಾರವಿದೆ ಎಂದರಂತೆ. ಅವ್ವ ಹುಲಿಗೆಮ್ಮ ಇದನ್ನೆಲ್ಲ ನಂಬಿದ್ದಳು. ನಂಬಿದ್ದರಿಂದಲೇ ತಾಳಿಯನ್ನೂ ಹಸಿರು ಬಳೆಯನ್ನೂ ತೆಗೆದಿರಲಿಲ್ಲ. “ಒಂದಲ್ಲ ಒಂದಿನ ಬಾಗಿಲಿಗೆ ಬರ್ತಾನ. ಬರ್ಲಿ, ಕಾಲು ಮುರೀತೀನಿ” ಎಂದು ಹೇಳಿಕೊಂಡೇ ಮಗಳನ್ನು ಎಂಎಸ್ಸಿವರೆಗೆ ಓದಿಸಿದ್ದಳು. ಮಗಳು ಇದೇ ಗಣಿಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದಾಗ ಎರಡು ದಿನ ಮಾತು ಬಿಟ್ಟಿದ್ದಳು.

ಗುರುವಾರ ಸಂಜೆ ಅಂಬಿಕಾ ಮನೆಗೆ ಬಂದಾಗ ಹುಲಿಗೆಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಂಬಿಕಾ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತಳು.

“ಯವ್ವಾ, ಅಪ್ಪ ಮೈಮ್ಯಾಲ ಬಂಗಾರ ಏನಾರ ಹಾಕ್ಕೊಂಡಿದ್ನೇನು?”

ರೊಟ್ಟಿ ಬಡಿಯುವ ಕೈ ನಿಂತಿತು. “ಯಾಕ? ಸಿಕ್ಕಾನೇನು?”

“ಇಲ್ಲ. ಸುಮ್ನ ಕೇಳ್ದೆ.”

“ಸುಮ್ನ ಕೇಳೂ ಮಾತಲ್ಲ ಇದು.” ಹುಲಿಗೆಮ್ಮ ಕೈಯ ಹಿಟ್ಟು ಉದುರಿಸಿದಳು. “ಕಿವ್ಯಾಗ ಒಂಟಿ ಇದ್ದವು. ನನ್ನ ತವರುಮನಿ ಉಂಗುರ ಕರಗಿಸಿ ಮಾಡಿಸಿದ್ದು. ಪತ್ತಾರ ತಾಮ್ರ ಜಾಸ್ತಿ ಹಾಕಿ ಮೋಸ ಮಾಡ್ಯಾನ ಅಂತ ನಾನು ಅವನ ಅಂಗಡಿಗೆ ಹೋಗಿ ಜಗಳಾಡಿ ಬಂದಿದ್ದೆ. ಹೋಗೂಮುಂದ ಒಂದೇ ಹಾಕ್ಕೊಂಡು ಹೋದ. ಎಡಗಿವಿ ಕೀವಾಗಿತ್ತು, ಅದನ್ನ ಬಿಚ್ಚಿಟ್ಟಿದ್ದ.”

“ಅದೆಲ್ಲೈತಿ?”

ಹುಲಿಗೆಮ್ಮ ಮಗಳ ಮುಖವನ್ನೇ ನೋಡಿದಳು. ಎದ್ದು ಒಳಗೆ ಹೋದಳು. ಹಳೆಯ ಅರಿಶಿಣದ ಡಬ್ಬಿಯಿಂದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಳು. ಪೊಲೀಸರು ಮನೆ ಜಾಲಾಡಿದ ದಿನ ಅಲ್ಲಿ ಅಡಗಿಸಿಟ್ಟದ್ದು, ಅಲ್ಲೇ ಉಳಿದಿತ್ತು. ಕಡಲೆಕಾಳಿಗಿಂತ ಚೂರು ದೊಡ್ಡದಾದ ಒಂಟಿ.

ಅಂಬಿಕಾ ಆಗ ಎಲ್ಲವನ್ನೂ ಹೇಳಿದಳು. ಗೂಡು, ಗೆರೆ, ತಾಮ್ರ. ಇದರ ಚೂರೊಂದನ್ನು ಕರಗಿಸಿ ನೋಡಿದರೆ ಗೊತ್ತಾಗುತ್ತದೆ ಎಂದಳು. ಹೊಂದದಿದ್ದರೆ ಏನೂ ಇಲ್ಲ. ಹೊಂದಿದರೆ ಅಪ್ಪ ಎಲ್ಲಿಗೂ ಹೋಗಿಲ್ಲ.

ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಹುಲಿಗೆಮ್ಮ ಅದನ್ನು ತೆಗೆದು ಪಕ್ಕಕ್ಕೆ ಹಾಕಿದಳು.

“ಹೊಂದಿದ್ರ, ಇಷ್ಟು ವರ್ಷ ನಾ ಬೈದಿದ್ದೆಲ್ಲ ಯಾರಿಗೆ?” ಎಂದಳು. ಹುಲಿಗೆಮ್ಮ ಒಂಟಿಯನ್ನು ಮಗಳ ಅಂಗೈಗೆ ಹಾಕಿ ಬೆರಳು ಮಡಿಚಿದಳು. “ಪೂರಾ ಕರಗಿಸಬ್ಯಾಡ.”

ಮರುದಿನ ಅಂಬಿಕಾ ಲ್ಯಾಬಿನ ಬಾಗಿಲು ಹಾಕಿಕೊಂಡು, ಒಂಟಿಯ ಬೆಸುಗೆಯ ಜಾಗದಲ್ಲಿ ಸಣ್ಣ ಅರದಿಂದ ಎರಡು ಸಲ ಉಜ್ಜಿದಳು. ಗಾಜಿನ ಬಟ್ಟಲಿಗೆ ಬಿದ್ದ ಪುಡಿ ಕಣ್ಣಿಗೆ ಕಂಡೂ ಕಾಣದಷ್ಟಿತ್ತು. ಅದರ ಮೇಲೆ ಒಂದು ಚಮಚ ಗೂಡುನೀರು ಹಾಕಿದಳು. ಹೊಳಪು ಮೆಲ್ಲಗೆ ಮಂಕಾಯಿತು, ಅಂಚು ಕಳೆದುಕೊಂಡಿತು, ಆಮೇಲೆ ಬಟ್ಟಲಲ್ಲಿ ತಿಳಿನೀರು ಮಾತ್ರ ಉಳಿಯಿತು. ಮೊದಲಿನ ನೀರಿಗೂ ಇದಕ್ಕೂ ಯಾವ ವ್ಯತ್ಯಾಸವೂ ಕಾಣದು. ಕರಗುವುದೆಂದರೆ ಇಲ್ಲವಾಗುವುದಲ್ಲ ಎಂದು ಅವಳೇ ಮಕ್ಕಳಿಗೆ ಟ್ಯೂಷನ್ ಹೇಳುವಾಗ ಎಷ್ಟು ಸಲ ಹೇಳಿದ್ದಳೋ. ಇಂದು ಆ ಮಾತು ಹೆದರಿಸಿತು.

ಬೆಳಕು ಬಿಟ್ಟಳು. ತಾಮ್ರ ಹನ್ನೆರಡು. ಬೆಳ್ಳಿ ನಾಲ್ಕು. ಕೂದಲೆಳೆಯಷ್ಟು ಕ್ಯಾಡ್ಮಿಯಂ. ಗುರುವಾರದ ಗೆರೆಗಳನ್ನು ಇದರ ಮೇಲೆ ಇಟ್ಟು ನೋಡಿದಳು. ಒಂದರ ಮೇಲೊಂದು ಕೂತು ಒಂದೇ ಆದವು.

ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಬಂದು ಆ ಹದಿನಾರು ಬಾವಿಗಳಿಗೆ ನೀರು ಬಿಡುವ ಗುಂಡಿ ಒತ್ತುತ್ತಿದ್ದವಳು ಅವಳೇ. ಅಪ್ಪನ ಕಿವಿಯಿಂದ ಬಂಗಾರವನ್ನು ಚೂರುಚೂರೇ ಬಿಡಿಸಿಕೊಳ್ಳುತ್ತಿದ್ದವಳು ಅವಳೇ. ಈ ಹೊತ್ತಿಗೂ ಅದು ಕರಗುತ್ತಿತ್ತು.

ಎಲ್ಲ ಬಾವಿಗಳನ್ನೂ ಈಗಲೇ ನಿಲ್ಲಿಸಬೇಕು ಎಂದು ಅವಳು ಹೇಳಿದಾಗ ಇಟಗಿಯವರು ಈ ಸಲ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾ ನಂಬ್ತೀನ್ರಿ ಅಂಬಿಕಾ. ಆದ್ರ ಹದಿನಾರೂ ಬಾವಿ ಒಮ್ಮೆಲೆ ನಿಲ್ಲಿಸಿದ್ರ ನೀರು ನಿಂತಲ್ಲೇ ಗೂಡು ಒಡೀತಾವ. ಬಂಡೆ ಸಂದಿ ಎಲ್ಲಾ ಕಟ್ಕೊಂಡು ಗಣಿ ಖಾಯಂ ಮುಚ್ಚಿಹೋಗ್ತೈತಿ. ನಾನೂರು ಜನ ಇದರ ಮ್ಯಾಲ ಊಟ ಮಾಡ್ತಾರ. ಯಾವ ಬಾವಿ ನೀರು ಅಲ್ಲಿಗೆ ಮುಟ್ಟತೈತಿ ಹೇಳ್ರಿ, ಅದೊಂದನ್ನ ಈಗಿಂದೀಗ ನಿಲ್ಲಿಸ್ತೀನಿ, ಕ್ಯಾಮೆರಾನೂ ಇಳಿಸ್ತೀನಿ.”

ಅದನ್ನು ಹುಡುಕಲು ಒಂದೊಂದೇ ಬಾವಿ ನಿಲ್ಲಿಸಿ ಒಂಬತ್ತೊಂಬತ್ತು ದಿನ ಕಾಯಬೇಕು. ಅಷ್ಟರಲ್ಲಿ ಕೆಳಗೆ ಏನೂ ಉಳಿದಿರುವುದಿಲ್ಲ. ಹಳೆಯ ನಕ್ಷೆಗಳಲ್ಲಿ ಹದಿನಾಲ್ಕನೇ ಲೆವೆಲ್ ಇದ್ದ ಪುಟವೇ ಇರಲಿಲ್ಲ.

“ಏಳನೇ ಬಾವಿ” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಪಂಪ್ ಆಪರೇಟರ್ ಮೌಲಪ್ಪ ನಿಂತಿದ್ದ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಹಳೆಯ ಕಂಪನಿಯ ಕಾಲದಿಂದ ಗುಡ್ಡ ಬಿಟ್ಟು ಹೋಗದವನು. ಮಧ್ಯಾಹ್ನದ ವರದಿ ಕೊಡಲು ಬಂದಿದ್ದ.

“ನಿಮಗ ಹೆಂಗ ಗೊತ್ತು ಕಾಕಾ?” ಅಂಬಿಕಾ ಕೇಳಿದಳು.

“ಹದಿನಾಲ್ಕನೇ ಲೆವೆಲ್ಲಿಗೆ ಜನರನ್ನ ಇಳಿಸಬಾರ್ದು ಅಂತ ಗಣಿ ಇನ್ಸ್‌ಪೆಕ್ಟರ್ ಬರ್ದು ಹೋಗಿದ್ರು, ಬಂಡೆಗಲ್ಲು ಬಿರುಕು ಬಿಟ್ಟೈತಿ ಅಂತ. ಆದ್ರೂ ಇಳಿಸಿದ್ರು. ಮೂಡಲ ದಿಕ್ಕಿನ ಊಟದ ಕೋಣಿ ಕಡೆ. ಅದು ಈಗಿನ ಏಳನೇ ಬಾವಿ ಕೆಳಗ ಬರ್ತೈತಿ.” ಮೌಲಪ್ಪ ನೆಲ ನೋಡುತ್ತ ಹೇಳಿದ. “ಆಗ ಬಿಲ್ಲಿ ಕೋಣಿಯಾಗ ನಾನಿದ್ದೆ. ಹಲಿಗಿ ಮ್ಯಾಲ ಐದು ಮೊಳಿ ಖಾಲಿ ಇದ್ದವು. ಮ್ಯಾನೇಜರ್ ಹೊಸ ಬಿಲ್ಲಿ ತಂದು ಕೊಟ್ರು. ನಂಬರ್ ಕೊರೆಸಿ ತಂದಿದ್ರು. ಹಾಕು ಅಂದ್ರು. ನಾನು ಹಾಕ್ದೆ.”

ಅಂಬಿಕಾ ಎದ್ದು ಮೌಲಪ್ಪನ ಪಕ್ಕದಿಂದಲೇ ಹಾದು ಕಂಟ್ರೋಲ್ ರೂಮಿಗೆ ನಡೆದಳು. ಇಟಗಿಯವರು ಹಿಂದೆಯೇ ಬಂದರು, ತಡೆಯಲಿಲ್ಲ. ಅವಳು ಏಳನೇ ಬಾವಿಯನ್ನು ನಿಲ್ಲಿಸಿದಳು.

ಸೋಮವಾರ ತಹಶೀಲ್ದಾರರೂ ಪೊಲೀಸರೂ ಬಂದರು. ಏಳನೇ ಬಾವಿಯೊಳಗೆ ದೀಪ ಕಟ್ಟಿದ ಕ್ಯಾಮೆರಾ ಇಳಿಯಿತು. ಸಾವಿರದ ನಾನೂರು ಅಡಿ. ಗೂಡುನೀರು ತಿಳಿಯಾಗಿತ್ತು, ಬಂಗಾರ ಬಿಟ್ಟು ಬೇರೇನನ್ನೂ ಅದು ಮುಟ್ಟಿರಲಿಲ್ಲ. ಕಲ್ಲಿನ ಕೋಣೆ. ಮರದ ಬೆಂಚು. ಅದರ ಮೇಲೆ ಸಾಲಾಗಿ ನಾಲ್ಕು ಹೆಲ್ಮೆಟ್ಟು, ಕೆಳಗೆ ನಾಲ್ಕು ಜೊತೆ ಬೂಟು, ನಡುವೆ ಬಿಳಿಯ ಎಲುಬು. ಐದನೆಯವನು ಸ್ವಲ್ಪ ದೂರದಲ್ಲಿ, ಗೋಡೆಗುಂಟ ಮೇಲೆ ಹೋಗಿದ್ದ ಕಬ್ಬಿಣದ ಪೈಪಿಗೆ ಒರಗಿದ್ದ. ಒಂದು ಬುತ್ತಿ ಡಬ್ಬಿ ಮುಚ್ಚಳ ಹಾಕಿದಂತೆಯೇ ಇತ್ತು. ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಪೊಲೀಸರು ಟೋಪಿ ತೆಗೆದರು.

ಹುಲಿಗೆಮ್ಮ ನೋಡಲು ಬರಲಿಲ್ಲ. ಮಗಳು ಹೇಳಿದ್ದನ್ನು ಗೋಡೆಗೆ ಒರಗಿ ಕೂತು ಕೇಳಿದಳು. ಬೆಂಚು, ಬೂಟು, ಡಬ್ಬಿ. “ಕುಂತಾರೇನು?” ಎಂದು ಎರಡು ಸಲ ಕೇಳಿದಳು. ಕೂತಿದ್ದಾರೆ ಎಂದಳು ಅಂಬಿಕಾ. ಅಷ್ಟು ಆಳದಿಂದ ಅವರನ್ನು ಮೇಲೆತ್ತಲು ಆಗುವುದಿಲ್ಲವಂತೆ, ಕೋಣೆಯನ್ನು ಹಾಗೇ ಬಿಟ್ಟು ಏಳನೇ ಬಾವಿಯನ್ನು ಶಾಶ್ವತವಾಗಿ ಮುಚ್ಚುತ್ತಾರಂತೆ ಎಂಬುದನ್ನೂ ಹೇಳಿದಳು. ಹುಲಿಗೆಮ್ಮ ತಲೆಯಾಡಿಸಿದಳು. ಓಣಿಯ ಹೆಂಗಸರು ಬಂದು ಅಳಲು ಶುರುಮಾಡಿದಾಗ ಅವಳು ಎದ್ದು ಹಿತ್ತಲಿಗೆ ಹೋದಳು. ಕಳ್ಳನ ಹೆಂಡತಿ ಎಂದವರೂ ಅವರಲ್ಲಿದ್ದರು.

ಬಾವಿ ನಿಲ್ಲಿಸಿದರೂ ಮೊದಲೇ ಹೊರಟಿದ್ದ ನೀರು ದಾರಿಯಲ್ಲಿತ್ತು. ಕೆಂಪು ಗೆರೆ ದಿನವೂ ಪರದೆಯ ಮೇಲೆ ಬರುತ್ತಲೇ ಇತ್ತು. ನಾಲ್ಕನೇ ದಿನ ನೂರಕ್ಕೆ ಎಂಟು ಪಾಲು ತಾಮ್ರದ ಗೆರೆ ಹೋಯಿತು. ಆರನೇ ದಿನ ಹತ್ತರದ್ದು. ಹನ್ನೆರಡರದ್ದು ಮಾತ್ರ ಸಣ್ಣಗಾಗುತ್ತ ಉಳಿದಿತ್ತು. ಇಟಗಿಯವರು ರಜೆ ತಗೊಳ್ಳಿ ಎಂದರೂ ಅಂಬಿಕಾ ಕುರ್ಚಿ ಬಿಡಲಿಲ್ಲ. ಅಪ್ಪನ ಮುಖ ಅವಳು ಒಂದೇ ಫೋಟೋದಲ್ಲಿ ನೋಡಿದ್ದು, ಅದೂ ಮಸುಕು. ಈ ಗೆರೆಯನ್ನೇ ಹೆಚ್ಚು ಹೊತ್ತು ನೋಡಿದ್ದಳು.

ಒಂಬತ್ತನೇ ದಿನ ಮಧ್ಯಾಹ್ನ ಹುಲಿಗೆಮ್ಮ ಗುಡ್ಡ ಹತ್ತಿ ಬಂದಳು. ಮೂವತ್ತೊಂದು ವರ್ಷದಲ್ಲಿ ಅವಳು ಆ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿ ಬಳೆ ಇರಲಿಲ್ಲ. ಮಗಳ ಪಕ್ಕದಲ್ಲಿ ಕೂತು ಪರದೆ ನೋಡಿದಳು.

“ಇದ್ರಾಗ ಅವನ್ದು ಯಾವುದು?”

ಅಂಬಿಕಾ ಬೆರಳಿಟ್ಟು ತೋರಿಸಿದಳು. ದಾರದಷ್ಟು ತೆಳುವಾದ ಕೆಂಪು. ಮೂರು ಗಂಟೆ ದಾಟಿದ ಮೇಲೆ ಗೆರೆ ಒಮ್ಮೆ ನಡುಗಿ, ಇಳಿದು, ನೆಲಕ್ಕೆ ಹತ್ತಿತು. ಮತ್ತೆ ಏಳಲಿಲ್ಲ. ಹಳದಿ ಗೆರೆ ಮಾತ್ರ ಎಂದಿನಂತೆ ಇತ್ತು.

“ಆತೇನು?”

“ಆತವ್ವ.”

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಮೌಲಪ್ಪ ಎಲ್ಲ್ಯಾನ?”

ಮೌಲಪ್ಪ ಪೊಲೀಸರಿಗೆ ಹೇಳಿಕೆ ಬರೆದುಕೊಟ್ಟು, ಕೆಲಸದಿಂದ ಅಮಾನತಾಗಿದ್ದ. ಆದರೂ ದಿನವೂ ಬಂದು ಪಂಪ್ ಮನೆಯ ಹೊರಗೆ, ಹಳೆಯ ಬಾವಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಹುಲಿಗೆಮ್ಮ ಬರುವುದನ್ನು ಕಂಡು ಎದ್ದು ನಿಂತ. ಅಂಬಿಕಾ ಅವ್ವನ ಹಿಂದೆಯೇ ಓಡಿ ಬಂದಳು, ಏನಾಗುವುದೋ ಎಂದು.

“ಕುಂದರು” ಎಂದಳು ಹುಲಿಗೆಮ್ಮ. ತಾನೂ ಕೂತಳು. “ನಾ ನಿನ್ನ ಬೈಯಾಕ ಬಂದಿಲ್ಲ. ಬೈದು ಬೈದು ನನ್ನ ಬಾಯಿ ಹೊಲಸಾಗೈತಿ. ಒಂದು ಕೇಳ್ತೀನಿ, ಖರೇ ಹೇಳು. ಅವನು ಸತ್ತಿದ್ದು ಯಾವತ್ತು?”

“ಕುಸಿದಿದ್ದು ಸೋಮವಾರ, ಅಕ್ಕ.”

“ಕುಸಿದಿದ್ದು ನನಗ ಗೊತ್ತೈತಿ. ಸತ್ತಿದ್ದು ಕೇಳಾಕತ್ತೀನಿ. ಮೈಮ್ಯಾಲ ಕಲ್ಲು ಬಿದ್ದವರು ಬೆಂಚಿನ ಮ್ಯಾಲ ಸಾಲಾಗಿ ಕುಂದರೂದಿಲ್ಲ.”

ಮೌಲಪ್ಪ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲೂ ಇದು ಇರಲಿಲ್ಲ. ಅವನು ಬಾವಿಯ ಕಡೆ ತಿರುಗಿ ಹೇಳಿದ.

“ಗಾಳಿ ಹೋಗೂ ಪೈಪು ಬಿಲ್ಲಿ ಕೋಣಿ ಹಿಂದಲಿಂದ ಇಳೀತಿತ್ತು. ಮಂಗಳವಾರ ಮುಂಜಾನೆ ಅದರಾಗ ಸದ್ದು ಕೇಳ್ತು. ಕೆಳಗಿಂದ ಬಡೀತಿದ್ರು. ನಾ ಓಡಿಹೋಗಿ ಮ್ಯಾನೇಜರ್‌ಗೆ ಹೇಳ್ದೆ. ಬಿಸಿಲಿಗೆ ಪೈಪು ಹಿಗ್ಗಿ ಸದ್ದು ಮಾಡ್ತೈತಿ, ಹೋಗು ಅಂದ್ರು. ಬುಧವಾರ ಇಡೀ ದಿನ ಬಡದ್ರು. ಆಮ್ಯಾಲ ಒಬ್ಬನೇ ಬಡೀತಿದ್ದ ಅನ್ನಸ್ತೈತಿ, ಕೈ ಒಂದೇ ನಮೂನಿ ಇತ್ತು. ಗುರುವಾರ ಮಧ್ಯಾಹ್ನ ಪಾಳಿ ಬದಲಾಗೂ ಭೋಂಗಾ ಕೂಗಿದ ಮ್ಯಾಲ ಒಂದು ಸಲ ಬಡದ. ಮತ್ತ ಇಲ್ಲ.” ಅವನು ಕಟ್ಟೆಯ ಅಂಚು ಹಿಡಿದುಕೊಂಡ. “ನಾ ಅಲ್ಲೇ ಕುಂತಿದ್ದೆ ಅಕ್ಕ. ಎದ್ದು ಹೋಗಾಕ ಆಗ್ಲಿಲ್ಲ, ಮತ್ತೊಬ್ಬರಿಗೆ ಹೇಳಾಕೂ ಆಗ್ಲಿಲ್ಲ.”

ಇಷ್ಟು ತಿಂಗಳು ಅಂಬಿಕಾ ಓದಿದ ಗೆರೆಗಳಲ್ಲಿ ಏನು, ಎಷ್ಟು, ಎಲ್ಲಿ ಎಂಬುದೆಲ್ಲ ಇತ್ತು. ಇದು ಇರಲಿಲ್ಲ.

“ಬುಧವಾರ” ಎಂದಳು ಹುಲಿಗೆಮ್ಮ, ತನ್ನಷ್ಟಕ್ಕೇ. “ಬುಧವಾರ ಪೊಲೀಸ್ರು ನಮ್ಮ ಮನಿಗೆ ಬಂದ್ರು. ಓಣಿ ಮಂದಿ ಎಲ್ಲಾ ನಿಂತು ನೋಡ್ತಿತ್ತು. ಅವರೆಲ್ಲರ ಮುಂದ ನಾನು ಅಂಗಳದಾಗ ಮಣ್ಣು ತೂರಿ, ಅವನ ಹೆಣ ಬೀಳ್ಲಿ ಅಂದೆ.” ಅವಳು ಮಗಳ ಕಡೆ ತಿರುಗಿದಳು. “ಆಗ ಬಡೀತಿದ್ದ, ನೋಡು.”

ಅಂಬಿಕಾ ಅವ್ವನ ಭುಜ ಹಿಡಿದಳು. ಹುಲಿಗೆಮ್ಮ ಆ ಕೈಯನ್ನು ಮೆಲ್ಲಗೆ ಸರಿಸಿ, ಮೌಲಪ್ಪನಿಗೆ ಇನ್ನಷ್ಟು ಹತ್ತಿರ ಸರಿದು ಕೂತಳು.

“ಹೆಂಗ ಬಡೀತಿದ್ದ? ತೋರ್ಸು.”

“ಬ್ಯಾಡ ಅಕ್ಕ.”

“ತೋರ್ಸು ಅಂದೆ.”

ಮೌಲಪ್ಪ ಸುತ್ತ ನೋಡಿದ. ಕಟ್ಟೆಯ ಪಕ್ಕದಲ್ಲಿ ಬಿದ್ದಿದ್ದ ಒಂದು ಬೋಲ್ಟನ್ನು ಎತ್ತಿಕೊಂಡು, ಪಂಪಿನ ಕಬ್ಬಿಣದ ಕೊಳವೆಯ ಮೇಲೆ ಬಡಿದ. ಮೂರು ಸಲ. ತಡೆದ. ಮತ್ತೆ ಎರಡು ಸಲ. ಸಣ್ಣ ಸದ್ದು, ಆದರೆ ಕೊಳವೆಯ ಉದ್ದಕ್ಕೂ ಕೆಳಗಿಳಿದು ಹೋಯಿತು. ಹುಲಿಗೆಮ್ಮ ಕತ್ತು ಬಾಗಿಸಿ, ಕಿವಿಯನ್ನು ಬಿಸಿಲಿಗೆ ಕಾದ ಕಬ್ಬಿಣಕ್ಕೆ ಒತ್ತಿ ಹಿಡಿದಿದ್ದಳು.

“ಇನ್ನೊಮ್ಮೆ” ಎಂದಳು.

ಅವನು ಬಡಿದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮತ್ತೆ ಇನ್ನೊಮ್ಮೆ ಎಂದಳು. ಪಾಳಿ ಮುಗಿದು ಹೊರಗೆ ಬಂದ ಕೆಲಸಗಾರರು ಒಬ್ಬೊಬ್ಬರಾಗಿ ದೂರದಲ್ಲೇ ನಿಂತುಬಿಟ್ಟರು. ಮೌಲಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಸೋಲುತ್ತಿತ್ತು. ಹುಲಿಗೆಮ್ಮ ಸಾಕು ಎನ್ನಲಿಲ್ಲ.